ನಿಂತಲ್ಲೇ ನಡೆದವನು

ಬೇಡ ಅನ್ನುವುದನ್ನು ಫೋನಿನಲ್ಲಿ ಹೇಳಬಾರದು ಎಂಬುದು ನನ್ನ ನಿಯಮ. ಅದಕ್ಕೇ ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ಸ್ಕೂಟಿ ಹತ್ತಿ ಭುವನ್‌ನ ಊರಾದ ಹಾಲ್ಕುರಿಕೆಗೆ ಹೊರಟೆ.

ಭುವನ್ ನನ್ನನ್ನು ನೋಡಲು ಬಂದ ದಿನವೇ ಕೇಸರಿಬಾತಿನ ತಟ್ಟೆ ಪಕ್ಕಕ್ಕಿಟ್ಟು, “ಶುಗರ್ ಬಾರ್ಡರ್‌ನಲ್ಲಿದೆ ಕಣ್ರೀ. ತೂಕ ಇಳಿಸ್ಬೇಕು ಅಂದವ್ರೆ ಡಾಕ್ಟ್ರು” ಎಂದಿದ್ದ. ಆ ಒಂದು ಮಾತಿಗೆ ನಾನು ಸೋತೆ. ನನ್ನಪ್ಪ ಸಕ್ಕರೆ ಕಾಯಿಲೆಯನ್ನು ನಮ್ಮಿಂದ ಮುಚ್ಚಿಟ್ಟು, ಬೀರುವಿನ ಹಿಂದೆ ಮೈಸೂರುಪಾಕು ಬಚ್ಚಿಟ್ಟು ತಿಂದು, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ತಿನ್ನುವವನ ಜೊತೆ ಬಾಳಬಲ್ಲೆ. ಮುಚ್ಚಿಡುವವನ ಜೊತೆ ನನ್ನಿಂದಾಗದು.

ಹಾಗಾಗಿ ನಾನೇ ಅವನಿಗೊಂದು ಫಿಟ್‌ನೆಸ್ ವಾಚ್ ಕೊಡಿಸಿ, ಡಯಟ್ ಆ್ಯಪ್‌ಗೆ ಜೋಡಿಸಿಕೊಟ್ಟೆ. ಅವನ ಊಟ, ಹೆಜ್ಜೆ, ತೂಕ ನನ್ನ ಫೋನಿನಲ್ಲೂ ಕಾಣುತ್ತಿದ್ದವು. ಕಂಡದ್ದೇ ತಪ್ಪಾಯಿತು. ಹೆಜ್ಜೆ ಏರುತ್ತಿತ್ತು, ಜೊತೆಗೆ ತೂಕವೂ ಏರುತ್ತಿತ್ತು. ರಾತ್ರಿ ಎರಡು ಮುದ್ದೆ, ಮೇಲೊಂದು ಒಬ್ಬಟ್ಟು. ಕೇಳಿದರೆ, “ಆ್ಯಪ್ ಕೊಟ್ಟ ಕ್ಯಾಲೊರಿ ಒಳಗೇ ತಿಂದಿದೀನಿ ಕಣ್ರೀ, ಇನ್ನೂ ಮಿಕ್ಕಿತ್ತು” ಎನ್ನುತ್ತಿದ್ದ. ಅವನ ಊರಿನಿಂದಲೇ ನಮ್ಮ ಕಾಲೇಜಿಗೆ ನನ್ನಂತೆ ಪಾಠ ಮಾಡಲು ಬರುವ ಯೋಗಿತಾ, “ನಿನ್ನ ಹುಡುಗ ವಾಕಿಂಗ್ ಹೋಗಿದ್ದನ್ನ ನಾನಂತೂ ಒಂದಿನಾನೂ ನೋಡಿಲ್ಲ ಕಣೇ” ಅಂದಳು. ಕುಳಿತಲ್ಲೇ ಕೈ ಅಲ್ಲಾಡಿಸಿ ಹೆಜ್ಜೆ ತೋರಿಸುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ.

ಭುವನ್ ಮನೆಯ ಹಿತ್ತಲಿನಲ್ಲಿ ಬನಿಯನ್ ತೊಟ್ಟು ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮಣಿಕಟ್ಟು ತಿರುಗಿಸಿ ಮಟ್ಟೆ ಬಿಡಿಸುತ್ತಿದ್ದ. ಬೆವರಿಗೆ ಕೂದಲು ಹಣೆಗಂಟಿತ್ತು. ಜಗಳಕ್ಕೆ ಬಂದವಳು ಅದನ್ನೆಲ್ಲ ನೋಡಬಾರದಿತ್ತು. ನೋಡಿದೆ. ಚೆನ್ನಾಗಿದ್ದ.

“ಇದೇನ್ರೀ, ಸುಲಿಯೋರು ಬರಲ್ವಾ?”

“ಬತ್ತಾರೆ. ಬೆಳಿಗ್ಗೆ ಒಂದಷ್ಟು ನಾನೇ ಸುಲೀತೀನಿ. ವಾಕಿಂಗ್ ಹೊರಟ್ರೆ ಊರೋರೆಲ್ಲ ಗಾಡಿ ನಿಲ್ಸಿ ಹತ್ತಪ್ಪ ಅಂತಾರೆ. ಬ್ಯಾಡ ಅಂದ್ರೆ ಏನ್ ಮುನಿಸು ಅಂತ ಸಾಯಂಕಾಲ ಮನೇಗೇ ಬತ್ತಾರೆ.” ನನ್ನ ಮುಖ ನೋಡಿ ಕಣ್ಣು ತಗ್ಗಿಸಿದ. “ತೂಕ ಇಳಿಸ್ತೀನಿ ಅಂತ ನಿಮಗೆ ಮಾತು ಕೊಟ್ಟಿದ್ನಲ್ಲ.”

ನನ್ನ ಕೋಪ ಅಲ್ಲೇ ಸಡಿಲಾಯಿತು. ಆದರೂ ಫಿಸಿಕ್ಸ್ ಲೆಕ್ಚರರ್ ಅಷ್ಟು ಸುಲಭಕ್ಕೆ ಬಿಟ್ಟುಕೊಡುತ್ತಾಳೆಯೇ? ಪಕ್ಕದಲ್ಲಿ ನಿಂತು, ಅವನ ವಾಚಿನ ಮೇಲೆ ಕಣ್ಣಿಟ್ಟು, “ಇನ್ನೊಂದು ಸುಲೀರಿ” ಎಂದೆ. ಅವನ ಕಾಲು ಕದಲಲಿಲ್ಲ. ಕಾಯಿ ಕುಕ್ಕಿದಾಗಲೆಲ್ಲ ವಾಚಿನಲ್ಲಿ ಹೆಜ್ಜೆ ಏರಿತು.

“ಫೋನ್ ಕೊಡಿ.”

ಕೊಟ್ಟ. ಅದಕ್ಕೆ ಲಾಕ್ ಕೂಡ ಇರಲಿಲ್ಲ. ಆ್ಯಪ್‌ನ ವ್ಯಾಯಾಮದ ಜಾಗದಲ್ಲಿ ದಿನವೂ ಅವನೇ ಬರೆದಿದ್ದ: ಕಾಯಿ ಸುಲಿಯೋದು, ಭಾರೀ ಕೆಲಸ.

“ಕೈ ಆಡಿದ್ದನ್ನ ವಾಚ್ ಆಗಲೇ ಲೆಕ್ಕಕ್ಕೆ ತಗೊಂಡಿರುತ್ತೆ. ನೀವು ಅದನ್ನೇ ಮತ್ತೆ ಬರೀತೀರಿ. ಒಂದೇ ಕಾಯಿಗೆ ಆ್ಯಪ್ ಎರಡು ಸಲ ಊಟ ಕೊಡುತ್ತೆ.”

“ವಾಚು ಹೆಜ್ಜೆ ಎಣಿಸ್ತದೆ, ಕಾಯಿ ವಿಷ್ಯ ಅದಕ್ಕೇನ್ ಗೊತ್ತು ಅನ್ಕೊಂಡೆ.”

“ಇದೇನಿದು, ಕ್ಯಾಲೊರಿ ಕಳೆಯೋ ಸೆಟ್ಟಿಂಗ್ ಆಫ್ ಮಾಡಿದೀರಾ? ನೀವು ಇಷ್ಟು ಓಡಾಡ್ತೀರಿ ಅಂತ ಆ್ಯಪ್ ಮೊದಲೇ ಅಂದಾಜು ಹಾಕಿರುತ್ತೆ. ಓಡಾಟ ಜಾಸ್ತಿ ಅಂತ ವಾಚ್ ಹೇಳಿದ್ರೆ ಕ್ಯಾಲೊರಿ ಸೇರಿಸುತ್ತೆ. ಕಮ್ಮಿ ಅಂದ್ರೆ ಕಳೀಬೇಕಲ್ವಾ?”

“ಮಳೆ ಬಂದು ಕಾಯಿ ಸುಲೀದೆ ಇದ್ದ ದಿನ ಕಳೀತು. ಅವತ್ತು ಅಮ್ಮ ಒಬ್ಬಟ್ಟು ಮಾಡಿತ್ತು.” ಹೆಬ್ಬೆರಳಿನಿಂದ ಮಟ್ಟೆಯ ನಾರು ಕೀಳುತ್ತಾ ಹೇಳಿದ, “ಬೇಜಾರಾಗಿ ತೆಗೆದ್‌ಬುಟ್ಟೆ.”

ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಆಮೇಲೆ ನಿಲ್ಲಿಸಿದ.

“ಸುಳ್ಳು ಹೇಳ್ತಾವ್ನೆ ಅನ್ಕೊಂಡಿದ್ರಾ?”

“ಹೂಂ. ಈ ಸಂಬಂಧ ಬೇಡ ಅಂತ ಹೇಳೋಕೇ ಬಂದೆ.”

ಕಾಯಿ ಅವನ ಕೈಯಲ್ಲೇ ಉಳಿಯಿತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. “ಈಗ?” ಎಂದು ಮಾತ್ರ ಕೇಳಿದ, ರಿಸಲ್ಟ್ ಕೇಳಲು ಬಂದ ನನ್ನ ವಿದ್ಯಾರ್ಥಿಗಳ ಹಾಗೆ. ಇವನು ನನಗೆ ಬೇಕು ಎಂದು ಆಗ ಅನ್ನಿಸಿದಷ್ಟು ಹಿಂದೆಂದೂ ಅನ್ನಿಸಿರಲಿಲ್ಲ.

ಅಷ್ಟರಲ್ಲಿ ಅವನ ತಾಯಿ ಸರ್ವಮಂಗಳ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದು ಜಗಲಿಯ ಮೇಲಿಟ್ಟರು. ಮಗನ ತಟ್ಟೆಯಲ್ಲಿ ಮೂರು ರೊಟ್ಟಿ, ಮೇಲೆ ಬೆಣ್ಣೆ. ನಾನು ನೋಡಿದ್ದನ್ನು ನೋಡಿ, “ತಿನ್ನಲಿ ಬುಡವ್ವ, ಬೆಳಿಗ್ಗೆಯಿಂದ ಗೇದವ್ನೆ” ಎಂದರು.

ಎರಡನ್ನು ತೆಗೆದು ನನ್ನ ತಟ್ಟೆಗೆ ಹಾಕಿಕೊಂಡೆ.

“ಅವರಿಗೆ ಒಂದು ಸಾಕು, ಅತ್ತೆ” ಎಂದೆ.

ಸರ್ವಮಂಗಳ ನನ್ನನ್ನು ನೋಡಿದರು, ಮಗನನ್ನು ನೋಡಿದರು, ಸೆರಗಿನಿಂದ ನಗು ಮುಚ್ಚಿಕೊಂಡು ಒಳಗೆ ಹೋದರು. ಭುವನ್ ರೊಟ್ಟಿ ಮುಟ್ಟಿರಲಿಲ್ಲ.

“ಅಮ್ಮನ್ನ ಏನಂತ ಕರೆದ್ರಿ? ಇನ್ನೊಂದ್ ಸಲ ಅನ್ನಿ.”

ಅಂದೆ.