ಕೆರೆಯಿಂದ ಬಂದ ಬಾತು

"ಕೆರೆಗೆ ಯಾರೋ ಮಾಟ ಮಾಡಿಸಿದಾರೆ. ಸತ್ತ ಹಕ್ಕೀನ ಮುಟ್ಟೀಯ, ಜೋಕೆ," ಎಂದು ಅತ್ತೆ ಹೇಳಿದಾಗ ಕಿರಿಯ ಸೊಸೆ ನಕ್ಕುಬಿಟ್ಟಳು.

"ಹಕ್ಕಿಗೆ ಮಾಟ ಮಾಡಿದ್ರೆ ಯಾರಿಗೆ ಯಾವ ಗಂಟು ಬರುತ್ತೆ ಅತ್ತೆ?"

ಈ ಮನೆಗೆ ಬಂದು ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಓರಗಿತ್ತಿಯ ಸುದ್ದಿ ಎತ್ತಿದರೆ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು. ಭಾವ ತೀರಿಹೋದ ಮೇಲೂ ಓರಗಿತ್ತಿ ಒಬ್ಬಳೇ ಕೋಳಿ ಶೆಡ್ ನಡೆಸುತ್ತಿದ್ದಳು. ಪಕ್ಕದಲ್ಲೇ ಇವರದು. ಅದೇ ತಳಿ, ಅದೇ ಮೇವು. ಮೊಟ್ಟೆ ಮಾತ್ರ ಅಲ್ಲೇ ಹೆಚ್ಚು. "ಅತ್ತಿಗೆಯ ಕೈಗುಣ" ಎನ್ನುತ್ತ ಗಂಡ ಬೆಳಗಾದರೆ ಅತ್ತ ಹೋಗಿ ಕಸ ತೆಗೆದು, ನೀರು ತುಂಬಿ ಬರುತ್ತಿದ್ದ. ಆ ನಗುಮುಖ ಇತ್ತ ಬರುವಷ್ಟರಲ್ಲಿ ಬಾಡಿರುತ್ತಿತ್ತು.

ಕೆರೆಯಂಚಿನಲ್ಲಿ ಕಾಡುಬಾತುಗಳು ಕತ್ತು ತಿರುಚಿ ಬಿದ್ದಿದ್ದವು. ಅವಳು ಹೇಸಿ ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಒಂದನ್ನು ಚೀಲಕ್ಕೆ ತುಂಬಿದಳು. ಕಾಲಿಗೆ ಕಪ್ಪು ದಾರ ಸುತ್ತಿ, ಓರಗಿತ್ತಿಯ ಮೊಟ್ಟೆಗೂಡಿನೊಳಗೆ ತುರುಕಿದಳು. ಅಲ್ಲಿಗೆ ಕೈ ಹಾಕುವವಳು ಓರಗಿತ್ತಿಯೊಬ್ಬಳೇ. ಹೆದರಿ ತವರಿಗೆ ಓಡಲಿ.

ಓರಗಿತ್ತಿ ಹೆದರಲಿಲ್ಲ. ಎಂದಿನಂತೆ ಮೊಟ್ಟೆ ಹೆಕ್ಕಿದಳು. ಕಿರಿಯವಳು ಹಲ್ಲು ಕಚ್ಚಿದಳು.

ಆಮೇಲೊಂದು ಬೆಳಿಗ್ಗೆ ಆ ಶೆಡ್ಡಿನಿಂದ ಸದ್ದೇ ಬರಲಿಲ್ಲ. ಅವಳು ಪರದೆ ಸರಿಸಿದಳು. ಕತ್ತಲು. ಅಮೋನಿಯಾದ ಘಾಟಿನಡಿ ಸಿಹಿಸಿಹಿ ಕೊಳೆತ ವಾಸನೆ. ಕಾಲಿಗೆ ಮೆತ್ತಗೆ ತಗುಲಿತು. ಕೋಳಿ. ಇನ್ನೊಂದು. ನೆಲದ ತುಂಬ. ಜುಟ್ಟುಗಳೆಲ್ಲ ನೀಲಿ. ಮೂಲೆಯಲ್ಲಿ ಒಂದು ಮಾತ್ರ ಬದುಕಿತ್ತು. ಕತ್ತನ್ನು ಬೆನ್ನಿಗೆ ತಿರುಚಿಕೊಂಡು ಗರಗರನೆ ಸುತ್ತುತ್ತಿತ್ತು. ನಿಂತಿತು. ಅವಳನ್ನೇ ನೋಡಿತು. ಅವಳು ಓಡಿದಳು.

ತನ್ನ ಶೆಡ್ಡಿನಲ್ಲೂ ಅದೇ ಮೌನ.

ಬಿಳಿ ಉಡುಪಿನವರು ಬಂದು ಸುತ್ತಲಿನ ಶೆಡ್ಡುಗಳನ್ನೆಲ್ಲ ಬರಿದು ಮಾಡಿ, ಗುಂಡಿಗೆ ಸುಣ್ಣ ಸುರಿದರು. ಹಕ್ಕಿಜ್ವರ ಎಂದರು. ಅಷ್ಟರಲ್ಲಿ ಗಂಡನ ಮೈ ಸುಡುತ್ತಿತ್ತು.

ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಅವನ ಎದೆ ಗೊರಗುಟ್ಟುತ್ತಿತ್ತು. ಮೂಗುಬಾಯಿ ಮುಚ್ಚಿಕೊಂಡು ಅವಳು ಬಾಗಿದಳು.

"ಅತ್ತಿಗೆಗೆ ಹೇಳ್ಬೇಡ... ಹೆದರ್ತಾಳೆ. ಮೊಟ್ಟೆಗೂಡಲ್ಲಿ ಯಾರೋ ಮಾಟದ ಬಾತು ಇಟ್ಟಿದ್ರು. ಅವಳು ಬರೋ ಮೊದಲೇ ನಾನು ತೆಗೆದು ಹೂತೆ. ಬರಿಗೈಲಿ."

ಬಾಗಿದ್ದವಳು ಹಿಂದೆ ಸರಿದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿಸಿಕೊಂಡಿದ್ದಳು. ನಿಧಾನವಾಗಿ ಬಂದು ಸೊಸೆಯ ಕೈ ಹಿಡಿದಳು.

"ಇಟ್ಟವರ ವಂಶ ಬೆಳಗದಿರಲಿ ಅನ್ನು. ಹೆಂಡತಿ ಹಾಕಿದ ಶಾಪ ತಟ್ಟದೆ ಇರಲ್ಲ. ಅನ್ನು ತಾಯಿ, ಅವನ ಉಸಿರಿರೋವಾಗ್ಲೇ ಅನ್ನು."

ಗಂಡ ಅವಳ ಮುಖವನ್ನೇ ನೋಡುತ್ತಿದ್ದ.

ಅವಳು ಅಂದಳು. ಒಂದಕ್ಷರ ಬಿಡದೆ.