ಮೂರು ಮೂಲೆಯ ತೂತು

"ಇನ್ನಾ ಎಷ್ಟು ತೂತು ಉಳದಾವು?" ಕೆಳಗಿನಿಂದ ಆಯಿ ಕೂಗಿದಳು.

"ಮುಗೀತು ಆಯಿ, ಮುಗದೇ ಬಿಟ್ತು!" ಎಂದಳು ಕಾಶಿ.

ಮುಗಿದಿರಲಿಲ್ಲ. ಒಂದು ತೂತು ಉಳಿದಿತ್ತು. ಅದೂ ಅವಳ ಮೂಗಿನ ಎದುರಿಗೇ ಇತ್ತು.

ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಕಾಶಿ ತುದಿಗಾಲಲ್ಲಿ ನಿಂತಿದ್ದಳು. ಕೈಯಲ್ಲಿ ಹಸಿಮಣ್ಣಿನ ಮುದ್ದೆ. ಮರಾಠಿ ಸೀಮೆಯ ದೇವಳಾಲಿ ಕ್ಯಾಂಪಿನಲ್ಲಿ ಅವಳ ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ ಕಟ್ಟಡದ ಮಗ್ಗುಲಲ್ಲೇ ಅವರ ತಗಡಿನ ಶೆಡ್ಡು. ಆ ತಗಡುಗಳು ಎಷ್ಟು ಊರು ಸುತ್ತಿ ಬಂದಿದ್ದವೋ, ಎಷ್ಟು ಮೊಳೆ ತಿಂದಿದ್ದವೋ, ಮೈತುಂಬ ತೂತು. ಅದನ್ನು ಗೋಡೆ ಅನ್ನುವುದಕ್ಕಿಂತ ಜರಡಿ ಅನ್ನುವುದೇ ಸರಿ.

ಆ ವರ್ಷ ದೀಪಾವಳಿ ಅಮಾವಾಸ್ಯೆಗೇ ಸೂರ್ಯಗ್ರಹಣ ಬಂದಿತ್ತು. ಕಾಶಿಯ ಅವ್ವ ಲಕ್ಷ್ಮವ್ವ ತುಂಬಿದ ಬಸುರಿ. ಆಯಿ ಅಂದರೆ ಅಪ್ಪನ ಅವ್ವ, ಸಕ್ರವ್ವ. ಸೊಸೆಯ ಬಾಣಂತನಕ್ಕೆಂದು ಸಿಂದಗಿ ಕಡೆಯ ಹಳ್ಳಿಯಿಂದ ಬಂದವಳು. ಬರುವಾಗ ಜೋಳದ ಹಿಟ್ಟಿನ ಗಂಟಿನ ಜೊತೆ ಊರಿನ ಶಾಸ್ತ್ರದ ಗಂಟನ್ನೂ ಹೊತ್ತು ತಂದಿದ್ದಳು.

"ಗ್ರಹಣದ ಬೆಳಕು ಬಸರಿ ಮ್ಯಾಲ ಬೀಳಬಾರದು. ಬಿತ್ತಂದ್ರ ಕೂಸಿನ ಮೈಮ್ಯಾಲ ಗುರುತು ಉಳೀತೈತಿ. ಒಂದು ತೂತೂ ಬಿಡಬ್ಯಾಡ," ಎಂದು ಆಯಿ ಬೆಳಗಿನಿಂದ ಹೇಳುತ್ತಲೇ ಇದ್ದಳು.

ರಜೆಯಿದ್ದರೂ ಸುಧಾಕರ ಸರ್ ಮಕ್ಕಳನ್ನೆಲ್ಲ ಶಾಲೆಯ ಮೈದಾನಕ್ಕೆ ಕರೆದಿದ್ದರು. ವೆಲ್ಡಿಂಗ್ ಮಾಡುವವರ ಕರಿ ಗಾಜಿನಲ್ಲಿ ಗ್ರಹಣ ತೋರಿಸುತ್ತಾರಂತೆ. ಕಾಶಿಗೂ ಹೋಗುವ ಆಸೆ ಬೆಟ್ಟದಷ್ಟಿತ್ತು. ಆಯಿ ಬಿಡಬೇಕಲ್ಲ! "ಅಕ್ಕ ಆಗಾಕಿ ನೀ. ಅವ್ವನ ಸನೇಕ ಇರು," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಕಾಶಿ ಉಳಿದ ಆ ಒಂದು ತೂತನ್ನು ಮತ್ತೆ ನೋಡಿದಳು. ಜೋಳದ ಕಾಳು ಹಿಡಿಸುವಷ್ಟು ಚಿಕ್ಕದು. ಯಾರೋ ಮೊಳೆ ಕಿತ್ತಾಗ ತಗಡು ಹರಿದು ಮೂರು ಮೂಲೆಯಾಗಿತ್ತು. ಮಣ್ಣು ತುರುಕಿ ಆಮೇಲೆ ಕಿತ್ತರೆ ಅದರ ಮೂಲೆ ಮುರಿದರೆ? ಕ್ಲಾಸಿನ ಗೆಳತಿ ಮೃದುಲಾಗೆ ಏನು ತೋರಿಸುವುದು?

ಕಾಶಿ ಮಣ್ಣಿನ ಮುದ್ದೆಯನ್ನು ಹಾಗೇ ಹಿಡಿದುಕೊಂಡು ಕೆಳಗೆ ಇಳಿದುಬಿಟ್ಟಳು.

ಮೃದುಲಾಳ ಜೊತೆ ಜಗಳ ಶುರುವಾದದ್ದು ರಜೆಗೆ ಮೊದಲು. ಸುಧಾಕರ ಸರ್ ಮೂರು ರಟ್ಟುಗಳಿಗೆ ತೂತು ಮಾಡಿ, ಸಾಲಾಗಿ ನಿಲ್ಲಿಸಿ, ಹಿಂದೆ ಮೇಣದಬತ್ತಿ ಹಚ್ಚಿದ್ದರು. ತೂತುಗಳು ನೇರಕ್ಕಿದ್ದರೆ ದೀಪ ಕಾಣುತ್ತದೆ. ಒಂದು ರಟ್ಟು ಅತ್ತಿತ್ತ ಸರಿದರೂ ಕಾಣುವುದಿಲ್ಲ. ಬೆಳಕು ಸೀದಾ ಹೋಗುತ್ತದೆ, ಸೊಟ್ಟ ಹೋಗುವುದಿಲ್ಲ ಎಂದು ಸರ್ ಮರಾಠಿಯಲ್ಲಿ ಹೇಳಿದರು.

ಕಾಶಿ ಎದ್ದು ನಿಂತಳು. ತನ್ನ ಮನೆಯಲ್ಲಿ ಮೂರು ಮೂಲೆಯ ತೂತಿನಿಂದ ಗುಂಡನೆಯ ಬೆಳಕು ಬರುತ್ತದೆ ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು. ಕ್ಲಾಸು ಗೊಳ್ಳೆಂದು ನಕ್ಕಿತು. ಸರ್ ನಗಲಿಲ್ಲ. ಗಲ್ಲ ಕೆರೆದುಕೊಂಡು, "ಅಸಂ? ಬಘೂ," ಎಂದರು. ಹಾಗೇನು, ನೋಡೋಣ ಎಂದು ಅದರ ಅರ್ಥ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಹೊರಗೆ ಮೃದುಲಾ ಹಿಡಿದುಕೊಂಡಳು. ಅವಳ ಅಪ್ಪ ಬ್ಯಾಂಕಿನವರು, ಧಾರವಾಡದಿಂದ ಟ್ರಾನ್ಸ್‌ಫರ್ ಆಗಿ ಬಂದವರು. ಇಡೀ ಕ್ಲಾಸಿನಲ್ಲಿ ಕಾಶಿಯ ಜೊತೆ ಕನ್ನಡ ಮಾತಾಡುವವಳು ಅವಳೊಬ್ಬಳೇ.

"ಬೆಳಕು ಸೀದಾ ಹೋಗ್ತದ ಅಂದ್ರ ಮೂರು ಮೂಲಿ ತೂತಿಂದ ಮೂರು ಮೂಲಿ ಬೆಳಕೇ ಬರಬೇಕಲ್ಲ? ಸಿಂಪಲ್!" ಎಂದಳು ಮೃದುಲಾ.

"ಖರೇ ಗುಂಡಗ ಬರತೈತಿ. ನಾ ದಿನಾ ನೋಡತೀನಿ."

"ಥಾಪಾ ಹೊಡೀಬ್ಯಾಡ ಕಾಶಿ."

ಥಾಪಾ ಹೊಡೆಯುವುದು ಅಂದರೆ ಬುರುಡೆ ಬಿಡುವುದು. ಕಾಶಿಗೆ ಕಣ್ಣಲ್ಲಿ ನೀರೇ ಬಂತು.

"ಮನಿಗೆ ಬಂದು ನೋಡು ಬೇಕಾರ!"

"ಬರ್ತೀನಿ. ದೀಪಾವಳಿ ಪಾಡವಾ ದಿನ ಫರಾಳದ ತಿಂಡಿ ಕೊಡಲಿಕ್ಕೆ ಬಂದಾಗ ತೋರಸು. ಇಲ್ಲಂದ್ರ ಕಟ್ಟಿ. ಮಾತಿಲ್ಲ ಕತಿಯಿಲ್ಲ."

ಮೃದುಲಾ ಹೇಳಿದ್ದು ಸರಿಯಾಗೇ ಇತ್ತು, ಅದೇ ಕಾಶಿಯ ತಲೆನೋವು. ಸೀದಾ ಬರುವ ಬೆಳಕು ಮೂಲೆಗಳನ್ನು ಎಲ್ಲಿ ಬಿಟ್ಟು ಬರುತ್ತದೆ? ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ.

ಈಗ ಆಯಿ ಬಾಗಿಲು ಹಾಕಿದಳು. ನೀರಿನ ಕೊಡಕ್ಕೆ ಗರಿಕೆ ಹಾಕಿ ಅದನ್ನು ಬಣ್ಣದ ಡಬ್ಬದ ಮೇಲೆಯೇ ಇಟ್ಟಳು. "ಗ್ರಹಣ ಬಿಡೂತನಕ ಯಾರೂ ಮಣ್ಣು ಮುಟ್ಟಬಾರದು, ಏನೂ ಕೊಯ್ಯಬಾರದು," ಎಂದು ಬಾಗಿಲ ಬಳಿ ಕೂತು ಕಣ್ಣು ಮುಚ್ಚಿ ಶಿವ ಶಿವ ಎನ್ನತೊಡಗಿದಳು. ಅವ್ವ ಎದುರು ಗೋಡೆಯ ಪಕ್ಕ ಕೌದಿಯ ಮೇಲೆ ಕೈಕಾಲು ಚಾಚಿ ಅಲುಗದೆ ಮಲಗಿದ್ದಳು. ಅದೂ ಶಾಸ್ತ್ರವೇ. ಒಳಗೆಲ್ಲ ಕತ್ತಲೆ.

ಆ ಕತ್ತಲೆಯಲ್ಲಿ ಅವ್ವನ ಮೇಲಿನ ಗೋಡೆಗೆ ಒಂದೇ ಒಂದು ಬೆಳಕಿನ ಬಿಲ್ಲೆ ಅಂಟಿಕೊಂಡಿತ್ತು. ರೂಪಾಯಿಗಿಂತ ಕೊಂಚ ದೊಡ್ಡದು. ದಿನದ ಹಾಗೆಯೇ ಗುಂಡಗಿತ್ತು.

ಕಾಶಿ ಅದನ್ನು ನೋಡುತ್ತ ಕೂತಳು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಉಜ್ಜಿಕೊಂಡಳು. ಬಿಲ್ಲೆಯ ಕೆಳಗಿನ ಅಂಚು ಮುರಿದಿತ್ತು! ಯಾರೋ ರೊಟ್ಟಿಯ ತುದಿ ಮುರಿದುಕೊಂಡ ಹಾಗೆ.

ತೂತಿಗೆ ಮಣ್ಣು ಮೆತ್ತಿತೇ? ತಿರುಗಿ ನೋಡಿದಳು. ಇಲ್ಲ, ತೂತು ನಿನ್ನೆ ಇದ್ದಂತೆಯೇ ಇದೆ. ಮೂರು ಮೂಲೆಯೂ ನೆಟ್ಟಗಿವೆ. ಮತ್ತೆ ಬಿಲ್ಲೆಯತ್ತ ನೋಡಿದರೆ ಇನ್ನೊಂದು ತುತ್ತು ಹೋಗಿತ್ತು.

ಕಾಶಿಗೆ ಹೊಳೆಯಿತು. ಇದು ಗ್ರಹಣ! ಆದರೆ ಗ್ರಹಣ ಆಕಾಶದಲ್ಲಿ ತಾನೇ ಹಿಡಿಯಬೇಕು? ತಗಡಿನ ಗೋಡೆಯ ಮೇಲೆ ಹೇಗೆ ಹಿಡಿಯುತ್ತದೆ? ಹಿಡಿದದ್ದು ಸೂರ್ಯನಿಗೋ, ಈ ಬಿಲ್ಲೆಗೋ?

ಅಷ್ಟರಲ್ಲಿ ಇನ್ನೊಂದು ವಿಷಯ ಕಂಡಿತು. ದಿನಾ ಹೊತ್ತು ಏರಿದಂತೆ ಬಿಲ್ಲೆ ಗೋಡೆಯಿಂದ ಕೆಳಗೆ ಇಳಿಯುತ್ತಿತ್ತು. ಇವತ್ತೂ ಇಳಿಯುತ್ತಿತ್ತು. ಕೆಳಗೆ ಅವ್ವ ಮಲಗಿದ್ದಳು.

ತೂತು ಮುಚ್ಚೋಣವೆಂದರೆ ಕೈಗೆ ಎಟುಕದು. ಡಬ್ಬ ಹತ್ತೋಣವೆಂದರೆ ಅದರ ಮೇಲೆ ಗರಿಕೆಯ ಕೊಡ. ಆಯಿಗೆ ಹೇಳೋಣವೆಂದರೆ ಬಾಯಿಯೇ ಬರಲಿಲ್ಲ. ಮುಗಿಯಿತು ಎಂದು ಸುಳ್ಳು ಹೇಳಿದವಳು ತಾನೇ ಅಲ್ಲವೇ? ಕಾಶಿ ಕೂತಲ್ಲೇ ಕಲ್ಲಾದಳು.

ಬಿಲ್ಲೆ ಗೋಡೆ ಬಿಟ್ಟು ಇಳಿಯಿತು. ಅರ್ಧಕ್ಕಿಂತ ಹೆಚ್ಚು ಸವೆದು ಕುಡುಗೋಲಿನಂತಾಗಿ, ಅವ್ವನ ತುಂಬಿದ ಹೊಟ್ಟೆಯ ಮೇಲೆ ಬಿತ್ತು.

ಆಗ ಅವಳಿಗೆ ಎಲ್ಲಿಂದ ಜೀವ ಬಂತೋ! ಮೂಲೆಯಲ್ಲಿದ್ದ ಜರ್ಮನ್ ತಾಟನ್ನು, ಉಣ್ಣುವ ಅಲ್ಯೂಮಿನಿಯಂ ತಟ್ಟೆಯನ್ನು, ಎಳೆದು ತಂದು ಅವ್ವನ ಹೊಟ್ಟೆಯ ಮೇಲೆ ಅಡ್ಡ ಹಿಡಿದಳು. ಬೆಳಕು ತಾಟಿನ ಮೇಲೆ ಕೂತಿತು. ತಾಟನ್ನು ಒಂದಿಷ್ಟು ಓರೆ ಮಾಡಿದಾಗ ಕುಡುಗೋಲು ಇನ್ನೂ ಚೊಕ್ಕವಾಗಿ ಕಂಡಿತು.

ಕೈ ನೋಯುತ್ತಿತ್ತು. ಆದರೂ ತಾಟು ಇಳಿಸಲಿಲ್ಲ. ಹೆದರಿಕೆಯ ನಡುವೆಯೂ ಕಣ್ಣು ಮಾತ್ರ ತಾಟಿಗೇ ನೆಟ್ಟಿತ್ತು. ಸವೆಯುತ್ತಿದ್ದ ಕುಡುಗೋಲು ನಿಂತಿತು. ಮೆಲ್ಲಗೆ ದಪ್ಪವಾಗತೊಡಗಿತು.

"ಏನವಾ, ತಾಟು ಹಿಡಕೊಂಡು ಕುಂತಿ? ಗ್ರಹಣ ಬಿಡೂತನಕ ಉಣ್ಣಾಕ ಇಲ್ಲ." ಆಯಿ ಹತ್ತಿರ ಬಂದಿದ್ದಳು. ಬಗ್ಗಿ ತಾಟು ನೋಡಿದಳು. "ಶಿವನ! ಏನಿದು, ಚಂದ್ರ?"

"ಅಲ್ಲ ಆಯಿ... ಸೂರ್ಯ ಅನಸತೈತಿ."

ಬೈಗುಳ ಬೀಳುತ್ತದೆ ಎಂದು ಕಾಶಿ ಹೆಗಲು ಕುಗ್ಗಿಸಿದಳು. ಆಯಿ ಬೈಯಲಿಲ್ಲ. ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲೇ ಕೂತಳು.

"ಇಷ್ಟು ವರ್ಷದಾಗ ಒಂದು ಗ್ರಹಣಾನೂ ನೋಡಿಲ್ಲವಾ ನಾ. ಪ್ರತಿ ಸಲ ಬಾಗಲಾ ಹಾಕ್ಕೊಂಡು ಒಳಗೇ ಇದ್ದೆ," ಎಂದು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ಶಾಸ್ತ್ರ ನೆನಪಾಯಿತು. "ಎದರ ಮ್ಯಾಲ ಬಿತ್ತು ಈ ಬೆಳಕು? ಹೊಟ್ಟಿ ಮ್ಯಾಲೋ, ತಾಟಿನ ಮ್ಯಾಲೋ?"

"ತಾ... ತಾಟಿನ ಮ್ಯಾಲ."

"ಹಂಗಾರ ಆಮ್ಯಾಲ ತಾಟು ತೊಳಿ," ಎಂದು ಆಯಿ ತೀರ್ಪು ಕೊಟ್ಟಳು.

ಗ್ರಹಣ ಬಿಟ್ಟಿತು. ಎಲ್ಲರ ಸ್ನಾನವಾಯಿತು. ಕಾಶಿ ತಾಟನ್ನು ಬೂದಿ ಹಚ್ಚಿ ತಿಕ್ಕಿದಳು, ಮತ್ತೆ ತಿಕ್ಕಿದಳು. ತಾಟಿನದೇನೋ ತೊಳೆದು ಹೋಗುತ್ತದೆ. ಹೊಟ್ಟೆಯ ಮೇಲೆ ಬಿದ್ದದ್ದು? ಅದು ಒಂದು ಗಳಿಗೆ ಬಿದ್ದದ್ದಂತೂ ಖರೆ. ಸಂಜೆ ಅಪ್ಪ ತಂದ ಸುರುಸುರುಬತ್ತಿಯೂ ಅವಳಿಗೆ ರುಚಿಸಲಿಲ್ಲ. ಕುಡುಗೋಲಿನಂಥ ಗುರುತು ಹೊತ್ತ ಒಂದು ಪುಟ್ಟ ಕೂಸು ಕಣ್ಣ ಮುಂದೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಮೃದುಲಾ ಬಂದೇ ಬಿಟ್ಟಳು. ಹೊಸ ಫ್ರಾಕು, ಕೈಯಲ್ಲಿ ಚಕ್ಕುಲಿ, ಶಂಕರಪಾಳಿ ತುಂಬಿದ ಡಬ್ಬಿ. ಅವಳ ಬಾಯಿ ಬಾಗಿಲಿನಿಂದಲೇ ಶುರುವಾಯಿತು.

"ನಿನ್ನೆ ಯಾಕ ಬರಲಿಲ್ಲ? ಏನು ಮಸ್ತ್ ಇತ್ತು ಗೊತ್ತೇನು! ಸೂರ್ಯನ್ನ ಮ್ಯಾಲಿಂದ ತಿಂತು. ಆದ್ರ ದೊಡ್ಡ ಲೈನು. ಒಬ್ಬೊಬ್ಬರಿಗೆ ಅಷ್ಟಷ್ಟೇ ಟೈಮ್."

"ಮ್ಯಾಲಿಂದ? ಅಲ್ಲ, ಕೆಳಗಿಂದ," ಎಂದಳು ಕಾಶಿ. "ನಾನೂ ನೋಡೀನಿ. ತಾಟಿನಾಗ. ಪೂರಾ ನೋಡೀನಿ."

"ಮತ್ತ ಥಾಪಾ!"

ಕಾಶಿ ಅವಳ ಕೈ ಹಿಡಿದು ಒಳಗೆ ಎಳೆದಳು. ಮೊದಲು ತೂತು ತೋರಿಸಿದಳು. ಆಮೇಲೆ ಅವ್ವ ಮಲಗಿದ್ದ ಕೌದಿಯ ಮೇಲಿನ ಬಿಲ್ಲೆ ತೋರಿಸಿದಳು. ಮೃದುಲಾ ತೂತು ನೋಡಿದಳು, ಬಿಲ್ಲೆ ನೋಡಿದಳು, ಮತ್ತೆ ತೂತು ನೋಡಿದಳು.

"ಅರೇ! ತೂತಿಗೆ ಮೂಲಿ ಅದಾವ, ಇದು ಗುಂಡಗ ಅದ."

"ನಿನ್ನೆ ಗ್ರಹಣ ಹಿಡದಾಗ ಇದೂ ಮುರೀತು. ಸೂರ್ಯ ಹೆಂಗೋ ಇದು ಹಂಗ," ಎಂದಳು ಕಾಶಿ ತಡೆತಡೆದು. "ಇದು ತೂತಿನ ಆಕಾರ ಅಲ್ಲ ಮೃದುಲಾ. ಸೂರ್ಯಂದು."

"ಹಂಗಿದ್ರ ಉಲ್ಟಾ ಯಾಕ? ಮ್ಯಾಲಿಂದು ಕೆಳಗ ಹೆಂಗ ಬಂತು?"

ಅದು ಕಾಶಿಗೂ ಗೊತ್ತಿರಲಿಲ್ಲ. ಬೆಳಕು ಸೀದಾ ಹೋಗುತ್ತದೆ ಎಂದರು ಸರ್. ಸೀದಾ... ಅವಳು ಕಸಬರಿಗೆಯಿಂದ ಒಂದು ಕಡ್ಡಿ ಎಳೆದುಕೊಂಡಳು. ಡಬ್ಬ ಹತ್ತಿ ತೂತಿನಲ್ಲಿ ತೂರಿಸಿದಳು.

"ನೀ ಹೊರಗ ಹೋಗು. ಕಡ್ಡಿ ತುದಿ ಹಿಡಕೊಂಡು ಮ್ಯಾಲ ಎತ್ತು."

ಮೃದುಲಾ ಹೊರಗೆ ಓಡಿ, ಇಟ್ಟಿಗೆ ರಾಶಿಯ ಮೇಲೆ ಹತ್ತಿ ಕಡ್ಡಿಯ ತುದಿ ಎತ್ತಿದಳು. ಒಳಗಿನ ತುದಿ ಕೆಳಗೆ ಬಾಗಿತು. ಇಳಿಸಿದಳು. ಒಳಗಿನದು ಮೇಲೆ ಎದ್ದಿತು.

"ಕೆಳಗ ಬಂತು!" ಎಂದು ಕಾಶಿ ಕಿರುಚಿದಳು. "ಮ್ಯಾಲಿಂದ ಸೀದಾ ಬಂದದ್ದು ಕೆಳಗೇ ಬೀಳತೈತಿ!"

ಮೃದುಲಾ ಒಳಗೆ ಬಂದು ತಾನೂ ಒಮ್ಮೆ ಕಡ್ಡಿ ಆಡಿಸಿದಳು. ಆಮೇಲೆ ಫರಾಳದ ಡಬ್ಬಿಯಿಂದ ಎಲ್ಲಕ್ಕಿಂತ ದೊಡ್ಡ ಚಕ್ಕುಲಿ ತೆಗೆದು ಕಾಶಿಯ ಕೈಗಿಟ್ಟಳು. ಕಟ್ಟಿಯ ಮಾತು ಎತ್ತಲೇ ಇಲ್ಲ.

ಇಬ್ಬರೂ ಕೌದಿಯ ಪಕ್ಕ ಕೂತು ಕಟಂ ಕಟಂ ತಿನ್ನುತ್ತ ಬಿಲ್ಲೆಯನ್ನು ನೋಡಿದರು. ಅದು ಸರಿದು ಸರಿದು ಅವ್ವನ ಹೊಟ್ಟೆಯ ಮೇಲೆ ಬಂದಿತ್ತು. ನಿನ್ನೆಯ ಜಾಗದಲ್ಲೇ. ಕಾಶಿ ಅರ್ಧ ತಿಂದ ಚಕ್ಕುಲಿಯನ್ನು ಕೆಳಗಿಟ್ಟಳು.

ತಟ್ಟನೆ ಬಿಲ್ಲೆ ಕುಣಿಯಿತು.

"ಏ! ಸೂರ್ಯ ಅಲುಗಿದ!" ಎಂದಳು ಮೃದುಲಾ.

ಕಾಶಿ ತೂತಿನತ್ತ ನೋಡಿದಳು. ತಗಡು ಅಲುಗಿರಲಿಲ್ಲ. ಬೆಳಕಿನ ಕೋಲು ನೆಟ್ಟಗೆ, ಸೀದಾ ಇಳಿಯುತ್ತಿತ್ತು. ಸೂರ್ಯನಂತೂ ಹಾಗೆಲ್ಲ ಕುಣಿಯುವವನಲ್ಲ. ಬಿಲ್ಲೆ ಮತ್ತೊಮ್ಮೆ ಟಣ್ಣನೆ ನೆಗೆಯಿತು.

ಅವ್ವ ಕಣ್ಣು ತೆರೆದಳು. ಕಾಶಿಯ ಮುಖ ನೋಡಿ ಮೆಲ್ಲಗೆ ನಕ್ಕಳು.

"ಕೂಸು ದಿನಾ ಇದೇ ಹೊತ್ತಿಗೆ ಒದೀತೈತಿ. ನಿನ್ನೆ ನೀ ತಾಟು ತರೂಕಿಂತ ಮೊದ್ಲೂ ಹಿಂಗೇ ಒದ್ದಿತ್ತು."

ಅಂದರೆ ಹೊಟ್ಟೆಯ ಮೇಲೆ ಬೆಳಕು ಬಿದ್ದದ್ದು ಅವ್ವನಿಗೆ ಗೊತ್ತಿತ್ತು. ನಿನ್ನೆಯೇ ಗೊತ್ತಿತ್ತು.

ಆಯಿ ಬಾಗಿಲಲ್ಲಿ ಇಣುಕಿದಳು. "ಕಾಶೀ, ಆ ಒಂದು ತೂತು ಉಳದೈತಲ್ಲ, ಮಣ್ಣು ಕಲಸಲೇನು?"

"ಬ್ಯಾಡ ಆಯಿ," ಎಂದಳು ಕಾಶಿ. ಅಂಗೈಯನ್ನು ಅವ್ವನ ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. ಸೂರ್ಯ ಅವಳ ಬೆರಳ ಮೇಲೆ ಹತ್ತಿ ಕೂತ. ಒಳಗಿನಿಂದ ಇನ್ನೊಂದು ಒದೆ ಬೀಳಲಿ ಎಂದು ಅವಳು ಉಸಿರು ಬಿಗಿಹಿಡಿದು ಕಾದಳು.