ಹದಿನಾರು ಹೆಸರುಗಳ ಪಟ್ಟಿ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಲಾರ್ಡ್ ಸ್ಟ್ರಾತ್‌ಗಾರ್ವಿ ಮೇಜಿನ ಖಾನೆ ಎಳೆದರು. ಬೀಗ ಮುರಿದಿತ್ತು. ಶನಿವಾರ ಸಂಜೆ ಸಹಿ ಹಾಕಿ ಇಟ್ಟಿದ್ದ ಪಟ್ಟಿ ಇರಲಿಲ್ಲ.

ವಿಕ್ಟೋರಿಯಾ ರಾಣಿಯ ಕಾಲ. ಲಂಡನ್ನಿನ ಮೇಲ್ಮನೆಗೆ ಸ್ಕಾಟ್ಲೆಂಡಿನ ಲಾರ್ಡುಗಳು ತಮ್ಮೊಳಗಿಂದ ಹದಿನಾರು ಮಂದಿಯನ್ನು ಆರಿಸುತ್ತಿದ್ದರು. ಎಡಿನ್‌ಬರೋಗೆ ಹೋಗಲಾಗದ ಮುದುಕರು ಹೆಸರು ಬರೆದು, ಮೊಹರು ಹಾಕಿ ಕಳಿಸಬೇಕು. ಆವತ್ತಿನ ಮಧ್ಯಾಹ್ನದ ಟಪಾಲು ಗಾಡಿ ತಪ್ಪಿದರೆ ಮತ ಮಣ್ಣುಪಾಲು.

ಷೆರಿಫನ ಅಧಿಕಾರಿ ಮರ್ಡೊ ಗಿಲ್ಯಾಂಡರ್ಸ್ ಹತ್ತಕ್ಕೆ ಬಂದ. ಅಷ್ಟರಲ್ಲಿ ಕಳ್ಳರು ಯಾರೆಂದು ಮನೆಯಲ್ಲಿ ತೀರ್ಮಾನವಾಗಿಬಿಟ್ಟಿತ್ತು.

“ನಿನ್ನೆ ಎಲ್ಲರೂ ಚರ್ಚಿಗೆ ಹೋಗಿದ್ವಿ. ಕಾಲು ಉಳುಕಿದೆ ಅಂತ ಅಡುಗೆಯ ಎಲ್ಸ್‌ಪೆತ್ ಒಬ್ಬಳೇ ಉಳಿದಳು,” ಎಂದ ಲಯನೆಲ್. ಕೈಯಲ್ಲಿ ಟೋಪಿ ಹಿಡಿದಿದ್ದ ಅವನು ಲಾರ್ಡರ ತಮ್ಮನ ಮಗ. ಇಂಗ್ಲೆಂಡಿನಲ್ಲೇ ಓದಿ ಬೆಳೆದವನು, ಶುಕ್ರವಾರವಷ್ಟೇ ಬಂದಿದ್ದ. “ದೊಡ್ಡಪ್ಪ ಅವಳ ಮಗನನ್ನ ಜಮೀನು ಬಿಡಿಸಿದ್ರಲ್ಲ, ಆ ಸಿಟ್ಟು.”

“ಅವಳದೇ ಕೆಲಸ. ಪೆಟ್ಟಿಗೆ ಸುರಿಸಿ ಹುಡುಕಿಸಿದೆ, ಪಟ್ಟಿ ಸಿಗಲಿಲ್ಲ,” ಎಂದರು ಲಾರ್ಡ್.

ಅಡುಗೆಮನೆಯ ನೆಲದ ಮೇಲೆ ಎಲ್ಸ್‌ಪೆತ್‌ಳ ಪೆಟ್ಟಿಗೆ ಸುರಿದು ಹಾಕಿದ್ದರು. ಎರಡು ಉಡುಪು, ಬೈಬಲ್, ಕೆನಡಾ ಸೇರಿದ ಮಗನ ಕಾಗದಗಳು. ನಲವತ್ತು ವರ್ಷದ ಚಾಕರಿ ಅಷ್ಟೇ.

“ಜೈಲಿಗೆ ಹಾಕ್ತೀರಾ?” ಎಂದಳು ಮುದುಕಿ.

“ಕಳ್ಳತನ ಮಾಡಿದ್ರೆ ಹೌದಮ್ಮ.”

“ಸರಿ. ಪ್ರಭುಗಳ ಗಂಜಿ ಇಳಿಸಿಟ್ಟು ಬರ್ತೀನಿ.”

\*\*\*

ಓದುಕೋಣೆಯ ಕಿಟಕಿಯ ಕೆಳಗೆ ಬೂಟಿನ ಗುರುತಿತ್ತು. ಅದರಲ್ಲಿ ಶನಿವಾರ ಬೆಳಗಿನ ಮಳೆನೀರು ನಿಂತಿತ್ತು. ಪಟ್ಟಿ ಬರೆಯುವ ಮೊದಲಿನ ಗುರುತು. ಆ ಜಾಡು ಅಲ್ಲಿಗೇ ಮುಗಿಯಿತು.

“ನಿನ್ನೆ ಇಲ್ಲಿ ಬೆಂಕಿ ಹಾಕಿರಲಿಲ್ವಾ, ಪ್ರಭುಗಳೇ?”

“ಭಾನುವಾರ ಓದುಕೋಣೆಗೆ ಬೆಂಕಿ ಯಾಕೆ? ಅಡುಗೆಮನೆಯಲ್ಲಿ ಮಾತ್ರ. ಎಲ್ಸ್‌ಪೆತ್ ಅದರ ಮುಂದೇ ಕೂತಿದ್ದಳು.”

ಗಿಲ್ಯಾಂಡರ್ಸ್ ಲಯನೆಲ್ ಕಡೆ ತಿರುಗಿದ. “ನೀವು ಚರ್ಚಿನಲ್ಲಿ ಎಲ್ಲಿದ್ರಿ ಸಾರ್?”

“ತಡವಾಯ್ತು. ಹಿಂದೆ, ಮೇಲಿನ ಅಟ್ಟದ ಬೆಂಚಿನಲ್ಲಿ ಕೂತೆ.”

“ನಮ್ಮ ಪಾದ್ರಿಗಳ ಪ್ರಾರ್ಥನೆ ಉದ್ದ. ಬೇಜಾರಾಗಿರಬೇಕು.”

“ಮಂಡಿ ಊರಿ ಊರಿ ಮೊಣಕಾಲು ಹಿಡ್ಕೊಂಡಿತ್ತು ಕಣಯ್ಯ. ಕೀರ್ತನೆಗೆ ಎದ್ದು ನಿಂತಾಗಲೇ ಜೀವ ಬಂದಿದ್ದು.”

ಲಾರ್ಡ್ ಥಟ್ಟನೆ ತಲೆ ಎತ್ತಿದರು.

“ಮನೆಯೊಳಗೂ ಟೋಪಿ ಕೈಬಿಟ್ಟಿಲ್ಲ ನೀವು,” ಎಂದ ಗಿಲ್ಯಾಂಡರ್ಸ್. “ಸ್ವಲ್ಪ ಇಲ್ಲಿ ಕೊಡಿ.”

ಟೋಪಿಯ ಒಳಪದರದಲ್ಲಿ ಪಟ್ಟಿ ಸಿಕ್ಕಿತು, ಮೊಹರಿನ ಸಮೇತ.

\*\*\*

“ನಮ್ಮಲ್ಲಿ ಪ್ರಾರ್ಥನೆಗೆ ನಿಲ್ತೀವಿ, ಕೀರ್ತನೆಗೆ ಕೂರ್ತೀವಿ,” ಎಂದ ಗಿಲ್ಯಾಂಡರ್ಸ್. “ಮಂಡಿ ಊರೋದು ಇಂಗ್ಲೆಂಡಿನವರ ಪದ್ಧತಿ. ಇವರು ನಿನ್ನೆ ನಮ್ಮ ಚರ್ಚಿನ ಹೊಸ್ತಿಲು ತುಳಿದಿಲ್ಲ. ಎಲ್ಸ್‌ಪೆತಮ್ಮ ಕದ್ದಿದ್ರೆ ಕಾಗದ ಆಗಲೇ ಬೂದಿ. ಬೆಂಕಿ ಎದುರಿಗೇ ಇತ್ತು. ಇವರಿಗೆ ಸುಡೋಕೆ ಜಾಗ ಇರಲಿಲ್ಲ. ಇದ್ದ ಒಂದು ಬೆಂಕಿಗೆ ಆಯಮ್ಮ ಕಾವಲು.”

“ಯಾಕೋ?” ಎಂದರು ಲಾರ್ಡ್.

“ಪಟ್ಟಿಯಲ್ಲಿ ನೀವು ಹೆಸರು ಬಿಟ್ಟಿದ್ದೀರಲ್ಲ, ಆ ಲಾರ್ಡ್ ಗೆದ್ದರೆ ನನಗೊಂದು ಹುದ್ದೆ ಕೊಡಿಸ್ತಿದ್ರು. ನಿಮ್ಮ ಮತ ತಪ್ಪಿದ್ರೆ ಅವರ ಎದುರಾಳಿಗೆ ಒಂದು ಮತ ಕಮ್ಮಿ,” ಎಂದ ಲಯನೆಲ್, ಗೋಡೆ ನೋಡುತ್ತ.

ಪಟ್ಟಿ ಟಪಾಲು ಗಾಡಿ ಹತ್ತಿತು. ಲಯನೆಲ್‌ನನ್ನು ಕರೆದೊಯ್ಯುವ ಮುನ್ನ ಗಿಲ್ಯಾಂಡರ್ಸ್ ಅಡುಗೆಮನೆಗೆ ಇಣುಕಿದ. ಲಾರ್ಡ್ ಅಲ್ಲಿ ನಿಂತಿದ್ದರು. ಮೂವತ್ತು ವರ್ಷದ ರಾಜಕೀಯದಲ್ಲಿ ಆಡಿದ ಮಾತು ಹಿಂತೆಗೆದುಕೊಂಡವರಲ್ಲ.

“ತಪ್ಪು ನನ್ನದು, ಎಲ್ಸ್‌ಪೆತ್.”

“ಪೆಟ್ಟಿಗೆ ಹಾಗೇ ಚೆಲ್ಲಿದೆ, ಪ್ರಭು. ಚೆಲ್ಲಿಸಿದವರೇ ತುಂಬಲಿ.”

ದೇವರ ಮುಂದೂ ಮಂಡಿ ಊರದ ಮುದುಕ ಕಲ್ಲುನೆಲದ ಮೇಲೆ ಮಂಡಿ ಊರಿದರು. ಕೆನಡಾದ ಕಾಗದಗಳನ್ನು ಒಂದೊಂದಾಗಿ ಆಯ್ದು ಪೆಟ್ಟಿಗೆಯಲ್ಲಿಟ್ಟರು. ಮುಗಿಯುವವರೆಗೂ ಎಲ್ಸ್‌ಪೆತ್ ಕೂತೇ ಇದ್ದಳು.